ಕಲಿತ ಮೇಲೆ ಕೆಲಸವೋ, ಕೆಲಸದಲ್ಲೇ ಕಲಿಕೆಯೋ

ದೀಪಾವಳಿಗೆ ಹದಿನೈದು ದಿನ ಇದೆ ಎನ್ನುವಾಗ ಪುಣೆಯ ಹೌಸಿಂಗ್ ಸೊಸೈಟಿಗಳ ಪಾರ್ಕಿಂಗ್‌ನಲ್ಲಿ, ಕಂಪನಿಗಳ ಲಾಬಿಯಲ್ಲಿ, ಮಂಗಲ ಕಾರ್ಯಾಲಯಗಳ ಪಡಸಾಲೆಯಲ್ಲಿ ಉದ್ದನೆಯ ಮೇಜುಗಳು ಕಾಣಿಸಿಕೊಳ್ಳುತ್ತವೆ. ಬಣ್ಣ ಬಳಿದ ಪಣತಿ, ಅಭ್ಯಂಗಸ್ನಾನದ ಉಟಣೆ ಪುಡಿ, ಕಾಗದದ ಆಕಾಶಕಂದೀಲು. ಮೇಜಿನ ಹಿಂದೆ ನಿಂತವರಲ್ಲಿ ಒಬ್ಬರು ಚಿಲ್ಲರೆ ಎಣಿಸಲು ತುಸು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾರೆ, ಇನ್ನೊಬ್ಬರು ಗಿರಾಕಿಯ ಕೈ ಕುಲುಕಿದರೆ ಬಿಡುವುದೇ ಇಲ್ಲ. ಗೋಖಲೆನಗರದ ಕಾಮಾಯನಿ, ಸೇವಾಸದನದ ದಿಲಾಸಾ, ಇಂಥ ಹಲವು ಕಾರ್ಯಶಾಲೆಗಳು ಈ ಊರಿನಲ್ಲಿವೆ. ಬೌದ್ಧಿಕ ಅಂಗವೈಕಲ್ಯವಿರುವವರು ತಿಂಗಳುಗಟ್ಟಲೆ ಕೂತು ಮಾಡಿದ ಸಾಮಾನಿಗೆ ಇದೇ ಸುಗ್ಗಿ.

ಎರಂಡವಣೆಯ ಗಣೇಶನಗರದಲ್ಲಿ ಅಂಥದೊಂದು ಮೇಜಿನ ಮುಂದೆ ಇಬ್ಬರು ಕನ್ನಡಿಗರು ಸೇರಿದರು. ಒಬ್ಬರು ಧಾರವಾಡ ಕಡೆಯ ಹಿರಿಯರು. ಪಿಂಪ್ರಿಯ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ಅಪ್ರೆಂಟಿಸ್ ಹುಡುಗರನ್ನು ಪಳಗಿಸಿ ನಿವೃತ್ತರಾದವರು. ಇನ್ನೊಬ್ಬಳು ಮೈಸೂರಿನ ತರುಣಿ. ಅಂಗವಿಕಲರನ್ನು ಕಂಪನಿಗಳಿಗೆ ಸೇರಿಸಿ, ಕೆಲಸ ಕೈಹತ್ತುವವರೆಗೆ ಜತೆಗಿದ್ದು ಕಲಿಸುವ ಜಾಬ್ ಕೋಚ್. ಹಿರಿಯರು ಎರಡು ಡಜನ್ ಪಣತಿ ಕೊಂಡರು. ಅವಳು ಒಂದನ್ನೂ ಮುಟ್ಟಲಿಲ್ಲ.

ಹಿರಿಯರು: ಏನು ತಂಗಿ, ಪಣತಿ ಚಂದ ಅನಸಲಿಲ್ಲೇನು?

ತರುಣಿ: ಚೆನ್ನಾಗಿವೆ ಕಾಕಾ. ನೀವು ಚೆನ್ನಾಗಿವೆ ಅಂತ ತಗೊಂಡ್ರಾ, ಪಾಪ ಅಂತ ತಗೊಂಡ್ರಾ?

ಹಿರಿಯರು: ಎರಡೂ ಅನ್ನು. ಪಾಪ ಅನ್ನೂದು ಅಷ್ಟು ಕೆಟ್ಟದ್ದೇನು?

ತರುಣಿ: ಹದಿನೈದು ದಿನಕ್ಕೆ ಪರವಾಗಿಲ್ಲ. ಉಳಿದ ಮುನ್ನೂರೈವತ್ತು ದಿನ ಏನು ಮಾಡೋದು? ಸಂಬಳ ಪಾಪದಿಂದ ಹುಟ್ಟಲ್ಲ. ಇಂಥ ಕಡೆ ಕೈಗೆ ಬರೋದು ಸ್ಟೈಪೆಂಡ್. ಯಾಕೆ ಅಂದ್ರೆ ಇವರು ಇನ್ನೂ ಟ್ರೈನಿಂಗ್‌ನಲ್ಲಿದಾರಂತೆ. ಇಪ್ಪತ್ತು ವರ್ಷದಿಂದ ಟ್ರೈನಿಂಗ್‌ನಲ್ಲೇ ಇರೋರನ್ನ ನಾನು ನೋಡಿದೀನಿ. ಐಟಿಐ ಹುಡುಗನಿಗೆ ಎರಡು ವರ್ಷಕ್ಕೆ ಸರ್ಟಿಫಿಕೇಟ್ ಕೊಟ್ಟು ಹೊರಗೆ ಕಳಿಸ್ತೀರ. ಇವರದ್ದು ಮುಗಿಯೋದೇ ಇಲ್ಲ.

ಹಿರಿಯರು: ಮುಗದ ಮ್ಯಾಲ ಎಲ್ಲೆ ಹೋಗಬೇಕು ಅನ್ನೂದು ಗೊತ್ತಿದ್ರ ಮುಗಸ್ತಾರ. ಹೋಗಲಿಕ್ಕೆ ಜಾಗಾ ಇಲ್ಲ, ಅದಕ್ಕ ಕೂತಾರ. ಜಾಗಾ ಇದ್ದಾಗ ಹೆಂಗ ನಡೀತಿತ್ತು ಅನ್ನೂದು ನೋಡಬೇಕಂದ್ರ ಖಡಕಿಗೆ ಹೋಗು.

ಖಡಕಿಯೆಂದರೆ ಹಿರಿಯರ ಮನಸ್ಸಿನಲ್ಲಿದ್ದದ್ದು ಕ್ವೀನ್ ಮೇರೀಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್. ಮೊದಲ ಮಹಾಯುದ್ಧದಲ್ಲಿ ಕೈಕಾಲು ಕಳೆದುಕೊಂಡು ಮರಳಿದ ಭಾರತೀಯ ಸಿಪಾಯಿಗಳಿಗೆ ಕಸುಬು ಕಲಿಸಲೆಂದು 1917ರಲ್ಲಿ ಮುಂಬಯಿ ಗವರ್ನರನ ಹೆಂಡತಿ ಲೇಡಿ ವಿಲಿಂಗ್ಡನ್ ಇದನ್ನು ಮುಂಬಯಿಯಲ್ಲಿ ಆರಂಭಿಸಿದರು. ಮುಂದೆ ಅದು ಖಡಕಿಗೆ ಬಂತು. ಎರಡನೇ ಮಹಾಯುದ್ಧದ ನಡುವೆ, 1944ರಲ್ಲಿ, ಇದೇ ಊರಿನ ವಾನವಡಿಯಲ್ಲಿ ಸೈನ್ಯದ ಕೃತಕ ಅಂಗ ಕೇಂದ್ರ ಹುಟ್ಟಿತು. ಬೆನ್ನುಹುರಿಗೆ ಪೆಟ್ಟು ಬಿದ್ದ ಯೋಧರಿಗಾಗಿ 1974ರಲ್ಲಿ ಖಡಕಿಯಲ್ಲೇ ಪ್ಯಾರಾಪ್ಲೆಜಿಕ್ ಪುನರ್ವಸತಿ ಕೇಂದ್ರವೂ ಬಂತು. ದೇಶದಲ್ಲಿ ಅಂಗವಿಕಲರ ವೃತ್ತಿ ತರಬೇತಿಯ ಚರಿತ್ರೆ ಬರೆಯುವವರು ಪುಣೆಯ ದಂಡುಪ್ರದೇಶವನ್ನು ಬಿಟ್ಟು ಬರೆಯುವಂತಿಲ್ಲ.

ತರುಣಿ: ಸರಿ, ಆದ್ರೆ ಅದು ಸೈನಿಕರ ಕಥೆ. ಸರ್ಕಾರಕ್ಕೆ ಅವರ ಋಣ ಇತ್ತು. ಕಾಲು ಕೊಟ್ಟಿದಾನೆ, ಕಸುಬು ಕೊಡಿ ಅನ್ನೋ ಲೆಕ್ಕ. ಹುಟ್ಟಿನಿಂದ ಕಣ್ಣು ಕಾಣದೆ ಇರೋನ ಋಣ ಯಾರಿಗಿದೆ?

ಹಿರಿಯರು: ಮುರಳಿಕಾಂತ ಪೇಟ್ಕರ್ ನೆನಪು ಮಾಡಿಕೊ. 1965ರ ಯುದ್ಧದಾಗ ಗುಂಡು ತಿಂದ, ಸೊಂಟದ ಕೆಳಗ ಬಲಾ ಹೋತು. 1972ರಾಗ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್ ಈಜಿನೊಳಗ ಭಾರತಕ್ಕ ಮೊದಲನೇ ಬಂಗಾರ ತಂದ. ಆಮ್ಯಾಲ ಇಲ್ಲೇ ಪುಣೆ ಟೆಲ್ಕೋದಾಗ ನೌಕರಿ ಮಾಡಿದ. ಮಂದಿ ಬಂಗಾರದ ಮಾತ ಆಡ್ತಾರ, ಸಿನೆಮಾನೂ ತಗದ್ರು. ನನಗ ಆ ನೌಕರಿ ದೊಡ್ಡದು ಅನಸ್ತದ. ದಿನಾ ಮುಂಜಾನೆ ಎದ್ದು ಗೇಟಿನಾಗ ಕಾರ್ಡ್ ಪಂಚ್ ಮಾಡೂದು.

ತರುಣಿ: ನಾನೂ ಅದನ್ನೇ ಹೇಳ್ತಿರೋದು! ಅವರು ಪಂಚ್ ಮಾಡಿದ್ದು ಎಲ್ಲರೂ ಹೋಗೋ ಗೇಟಲ್ಲಿ. ಬೇರೆ ಗೇಟು, ಬೇರೆ ಶೆಡ್ಡು, ಪಣತಿಗೆ ಬಣ್ಣ ಅಂತ ಕೂರಿಸಿರಲಿಲ್ಲ.

ಹಿರಿಯರಿಗೆ ನಗು ಬಂತು. ಸೋಲು ಒಪ್ಪಿದ ನಗು ಅದಲ್ಲ. ಬಣ್ಣವನ್ನು ಅಷ್ಟು ಹಗುರವಾಗಿ ಮಾತಾಡಬಾರದೆಂದು ಅವರು ಒಂದು ಪಣತಿಯ ಅಂಚನ್ನು ತೋರಿಸಿದರು. ಗೆರೆ ಒಂದೇ ದಪ್ಪಕ್ಕೆ, ಎಲ್ಲೂ ಕದಲದೆ ಸುತ್ತು ಬಂದಿತ್ತು. ಟೂಲ್‌ರೂಮಿನ ಮನುಷ್ಯ ಇಂಥದ್ದನ್ನು ಮೊದಲು ನೋಡುತ್ತಾನೆ.

ಹಿರಿಯರು: ಈ ಕೈ ಪಳಗ್ಯದ. ಪಳಗಸಲಿಕ್ಕೆ ಎಷ್ಟು ವರ್ಷ ಹೋಗ್ಯಾವೊ. ನಿಮ್ಮ ಮೂರು ತಿಂಗಳ ಕೋರ್ಸಿನಾಗ ಇದು ಬರೂದಿಲ್ಲ. ರಿಟೇಲು, ಹಾಸ್ಪಿಟಾಲಿಟಿ, ಡೇಟಾ ಎಂಟ್ರಿ... ಮೂರು ಬಿಟ್ಟು ನಾಲ್ಕನೇದು ಗೊತ್ತದ ಏನು ನಿಮಗ?

ತರುಣಿ: ಹಳೆಯೋರಿಗೆ ಎಷ್ಟು ಗೊತ್ತಿತ್ತು? ಕಣ್ಣು ಕಾಣದವರು ಅಂದ್ರೆ ಕುರ್ಚಿಗೆ ಬೆತ್ತ ಹೆಣೀರಿ. ಕಿವಿ ಕೇಳದವರು ಅಂದ್ರೆ ಪ್ರಿಂಟಿಂಗ್ ಪ್ರೆಸ್ಸು, ಹೊಲಿಗೆ. ಬುದ್ಧಿ ನಿಧಾನ ಅಂದ್ರೆ ಮೇಣದಬತ್ತಿ, ಚಾಕ್‌ಪೀಸು, ಫೈಲು. ಯಾರನ್ನೂ ನಿನಗೇನು ಇಷ್ಟ ಅಂತ ಕೇಳಿದ್ದಿಲ್ಲ.

ಇದು ಬರೀ ವಾದಕ್ಕಾಗಿ ಆಡಿದ ಮಾತಲ್ಲ. ಅಂಧರಿಗಾಗಿ ಪುಣೆಯಲ್ಲಿ ಹಳೆಯ ಸಂಸ್ಥೆಗಳಿವೆ: ಕೋರೆಗಾಂವ್ ಪಾರ್ಕಿನ ಅಂಧ ಶಾಲೆ 1934ರದು, ಪೂನಾ ಬ್ಲೈಂಡ್ ಮೆನ್ಸ್ ಅಸೋಸಿಯೇಷನ್ 1952ರದು. ಅವು ಹುಟ್ಟಿದ ಕಾಲದಲ್ಲಿ ಬೆತ್ತ ಹೆಣೆಯುವುದು ಮರುಕದ ಕಸುಬಾಗಿರಲಿಲ್ಲ. ಪ್ರತಿ ಸರ್ಕಾರಿ ಕಚೇರಿಯಲ್ಲಿ ಬೆತ್ತದ ಕುರ್ಚಿಗಳಿದ್ದವು, ಅವು ಹರಿಯುತ್ತಿದ್ದವು, ಹೆಣೆಯುವವನ ಹುದ್ದೆಯೇ ಇರುತ್ತಿತ್ತು. ಪ್ಲಾಸ್ಟಿಕ್ ಕುರ್ಚಿ ಬಂದು ಆ ಹುದ್ದೆ ತೆಳ್ಳಗಾಯಿತು. ಟೆಲಿಫೋನ್ ಸ್ವಿಚ್‌ಬೋರ್ಡಿನಲ್ಲಿ ಕೂತು ದನಿಯಿಂದಲೇ ಊರಿಡೀ ಗುರುತಿಸಿಕೊಂಡ ಅಂಧ ಆಪರೇಟರುಗಳ ಒಂದು ಪೀಳಿಗೆಯೇ ಇತ್ತು. ನೇರ ಡಯಲಿಂಗ್ ಮತ್ತು ಮೊಬೈಲು ಆ ಬೋರ್ಡನ್ನು ಎತ್ತಿಹಾಕಿದವು. ಬಿಳಿ ಬೋರ್ಡು ಬಂದು ಚಾಕ್‌ಪೀಸು ಹೋಯಿತು, ಕಂಪ್ಯೂಟರು ಬಂದು ಫೈಲು ಹೋಯಿತು. ತರಬೇತಿ ಕೇಂದ್ರಗಳಲ್ಲಿ ಮಾತ್ರ ಎಷ್ಟೋ ಕಡೆ ಅವೇ ಅಚ್ಚುಗಳು ಉಳಿದವು. ಅಚ್ಚು ಇದೆ, ಕಲಿಸುವ ಮೇಷ್ಟ್ರು ಇದ್ದಾರೆ, ಅನುದಾನದ ಪಟ್ಟಿಯಲ್ಲಿ ಆ ಹೆಸರಿದೆ ಎಂಬುದಷ್ಟೇ ಕಾರಣ.

ಹಿರಿಯರು: ಖರೆ. ಆದ್ರ ಬೆತ್ತದ ಕುರ್ಚಿ ನಲವತ್ತು ವರ್ಷ ಬಾಳಿತು. ನಿಮ್ಮ ಕಾಲ್ ಸೆಂಟರ್ ನೌಕರಿ ಎಷ್ಟು ವರ್ಷ ಬಾಳ್ತದ? ಈಗ ಯಂತ್ರನ ಮಾತಾಡಲಿಕ್ಕೆ ಹತ್ತ್ಯದ.

ತರುಣಿ: ಬಾಳದೆ ಇರಬಹುದು. ಆದ್ರೆ ಕಂಪ್ಯೂಟರ್ ಕಲಿತವನು ಇನ್ನೊಂದಕ್ಕೆ ಹಾರ್ತಾನೆ. ಎನ್‌ವಿಡಿಎ ಅಂತ ಪರದೆ ಓದೋ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ, ಕನ್ನಡನೂ ಮರಾಠಿನೂ ಓದುತ್ತೆ. ಅದರಲ್ಲಿ ಎಕ್ಸೆಲ್ ಕಲಿತ ಹುಡುಗಿ ಬ್ಯಾಂಕಿಗೂ ಹೋಗಬಹುದು, ಆಡಿಟರ್ ಹತ್ರನೂ ಹೋಗಬಹುದು. ಬೆಂಗಳೂರಲ್ಲಿ ಎನೇಬಲ್ ಇಂಡಿಯಾದವರು 1999ರಿಂದ ಇದನ್ನ ಮಾಡ್ತಾ ಬಂದಿದಾರೆ. ನಮ್ಮ ಕನ್ನಡದವರದೇ ಸಮರ್ಥನಂ ಟ್ರಸ್ಟು 1997ರಲ್ಲಿ ಬೆಂಗಳೂರಲ್ಲಿ ಹುಟ್ಟಿ ಈಗ ಪುಣೆಯಲ್ಲೂ ಕೆಲಸ ಮಾಡ್ತಿದೆ. ಅದನ್ನ ಕಟ್ಟಿದ ಮಹಾಂತೇಶ್ ಅವರಿಗೇ ಕಣ್ಣು ಕಾಣಲ್ಲ.

ಹಿರಿಯರು: ನಾನೂ ಹೇಳ್ತೀನಿ ಕೇಳು. ಎನ್. ಎಸ್. ಹೇಮಾ ಅಂತ ಒಬ್ಬಾಕಿ ಗಾಲಿಕುರ್ಚಿಯೊಳಗ ಕೂತ 1959ರಾಗ ಬೆಂಗಳೂರಿನಾಗ ಅಂಗವಿಕಲರಿಗಂತ ಎಪಿಡಿ ಸಂಸ್ಥೆ ಕಟ್ಟಿದ್ಲು. ಅಲ್ಲೆ ತೋಟಗಾರಿಕೆ ಕಲಸ್ತಾರ, ಸಸಿ ಮಾರ್ತಾರ. ಮಣ್ಣಿನ ಕೆಲಸ. ಅದು ಹಳೇದೊ ಹೊಸಾದೊ? ನೀನು ಹಳೇದು ಹೊಸಾದು ಅಂತ ಬಡದಾಡ್ತಿ. ಕಸುಬಿಗೆ ಗಿರಾಕಿ ಇದ್ದಾನೊ ಇಲ್ಲೊ, ಅಷ್ಟ ನೋಡಬೇಕು.

ಇಷ್ಟರ ಹೊತ್ತಿಗೆ ಮೇಜಿನ ಹಿಂದಿದ್ದ ಒಬ್ಬ ತಾಯಿ ಇವರ ಮಾತಿಗೆ ಕಿವಿಗೊಟ್ಟಿದ್ದಳು. ಸೋಲಾಪುರ ಕಡೆಯವಳು. ಮಗನಿಗೆ ಮೂವತ್ತೊಂದು, ಡೌನ್ ಸಿಂಡ್ರೋಮ್. ಪಣತಿಯ ಆ ಗೆರೆ ಅವನದೇ.

ತಾಯಿ: ಅಲ್ರಿ, ನನ್ನ ಮಗನ್ನ ಒಂದು ದೊಡ್ಡ ಮಾಲ್‌ನವರು ತಗೊಂಡಿದ್ರು. ಕೋರ್ಸ್ ಮಾಡಿಸಿದ್ರು, ಟೀ ಶರ್ಟ್ ಕೊಟ್ರು, ಫೋಟೋ ತಗದ್ರು. ನಾಲ್ಕನೇ ತಿಂಗಳಿಗೆ ಮನಿಗೆ ಬಂದ. ಯಾಕಂತ ಯಾರೂ ಹೇಳಲಿಲ್ಲ. ಅವಗ ಹೇಳಲಿಕ್ಕೆ ಬರೂದಿಲ್ಲ.

ಹಿರಿಯರು: ನಾಲ್ಕನೇ ತಿಂಗಳು! ನೋಡು ತಂಗಿ. ಸರ್ಕಾರದ ಸ್ಕಿಲ್ ಯೋಜನಾದಾಗ ತರಬೇತಿ ಕೊಡವರಿಗೆ ರೊಕ್ಕಾ ಕಂತಿನಾಗ ಬರ್ತದ. ಕಡೇ ಕಂತು ನೌಕರಿ ಸಿಕ್ಕು ಮೂರು ತಿಂಗಳು ಉಳದ್ರ. ಹಂಗಿದ್ದ ಮ್ಯಾಲ ನಾಲ್ಕನೇ ತಿಂಗಳು ಯಾರಿಗೆ ಬೇಕಾಗ್ಯದ?

ತರುಣಿ ತಕ್ಷಣ ಉತ್ತರಿಸಲಿಲ್ಲ. 2015ರಲ್ಲಿ ಕೇಂದ್ರ ಸರ್ಕಾರ ಅಂಗವಿಕಲರ ಕೌಶಲಕ್ಕೆಂದೇ ರಾಷ್ಟ್ರೀಯ ಕ್ರಿಯಾಯೋಜನೆ ಮಾಡಿ, 2022ರೊಳಗೆ 25 ಲಕ್ಷ ಜನರಿಗೆ ತರಬೇತಿ ಎಂದು ಗುರಿಯಿಟ್ಟಿತು. ಅದರ ಹತ್ತಿರಕ್ಕೂ ಹೋಗಲಾಗಲಿಲ್ಲ. 2018ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ 15 ವರ್ಷ ದಾಟಿದ ಅಂಗವಿಕಲರ ಪೈಕಿ ಕೆಲಸದಲ್ಲಿರುವವರು ಮತ್ತು ಕೆಲಸ ಹುಡುಕುತ್ತಿರುವವರು ಸೇರಿ ನೂರಕ್ಕೆ 24ರಷ್ಟೂ ಇರಲಿಲ್ಲ. ಹುಡುಕುವ ಗೋಜಿಗೇ ಹೋಗದವರು ಮುಕ್ಕಾಲು ಪಾಲು. ಇಂಥ ಕಡೆ ತಲೆಯೆಣಿಕೆಯ ಮೇಲೆ ಹಣ ಕೊಟ್ಟರೆ ಏನಾಗುತ್ತದೆಂದು ಊಹಿಸುವುದು ಕಷ್ಟವಲ್ಲ: ಬೇಗ ಕೆಲಸ ಸಿಗುವವರನ್ನು, ಅಂದರೆ ಒಂದು ಕಾಲು ತುಸು ಕುಂಟುವ ಪದವೀಧರರನ್ನು, ಕೇಂದ್ರಗಳು ಹುಡುಕಿ ತರುತ್ತವೆ. ಈ ತಾಯಿಯ ಮಗನಂಥವರು ಬಾಗಿಲಲ್ಲೇ ಉಳಿಯುತ್ತಾರೆ.

ತರುಣಿ: ಅಮ್ಮಾ, ಅವನ ಜತೆ ಕೋಚ್ ಯಾರಾದ್ರೂ ಹೋಗಿದ್ರಾ? ಕೆಲಸದ ಜಾಗಕ್ಕೆ?

ತಾಯಿ: ಮೊದಲನೇ ದಿನ ಬಿಟ್ಟು ಬಂದ್ರು.

ತರುಣಿ: ಅಲ್ಲೇ ತಪ್ಪಿದ್ದು. ಕಾಕಾ, ಮೊದಲು ತರಬೇತಿ ಕೊಡಿ, ಆಮೇಲೆ ಕೆಲಸ ಹುಡುಕಿ ಅನ್ನೋದು ಹಳೇ ದಾರಿ. ಅಮೆರಿಕಾದಲ್ಲಿ 1980ರ ದಶಕದಲ್ಲಿ ಇದನ್ನ ತಿರುಗಿಸಿದ್ರು: ಮೊದಲು ಕೆಲಸಕ್ಕೆ ಸೇರಿಸು, ಅಲ್ಲೇ ಕಲಿಸು. 1986ರಲ್ಲಿ ಅವರ ಪುನರ್ವಸತಿ ಕಾಯ್ದೆಗೂ ಅದು ಸೇರ್ತು. ಬುದ್ಧಿ ನಿಧಾನ ಇರೋರಿಗೆ ಒಂದು ಕಡೆ ಕಲಿತದ್ದನ್ನ ಇನ್ನೊಂದು ಕಡೆ ಹಚ್ಚೋದು ಕಷ್ಟ. ತರಬೇತಿ ಕೇಂದ್ರದ ಡಮ್ಮಿ ಅಂಗಡೀಲಿ ಬಿಲ್ ಹಾಕೋಕೆ ಕಲಿತವನು ನಿಜವಾದ ಅಂಗಡೀಲಿ ಗದ್ದಲ ಕೇಳಿ ಹೆದರಿಬಿಡ್ತಾನೆ. ಅದಕ್ಕೆ ಕೋಚ್ ಮೊದಲ ವಾರ ಪಕ್ಕದಲ್ಲೇ ನಿಲ್ಲಬೇಕು, ಎರಡನೇ ವಾರ ನಾಲ್ಕು ಹೆಜ್ಜೆ ದೂರ, ಆಮೇಲೆ ಬಾಗಿಲ ಹತ್ರ. ಜತೆಗೆ ಕೆಲಸ ಮಾಡೋರಿಗೂ ಕಲಿಸಬೇಕು: ಒಂದು ಸಲಕ್ಕೆ ಒಂದೇ ಮಾತು ಹೇಳಿ, ಕೂಗಬೇಡಿ.

ಹಿರಿಯರು: ಇದನ್ನ ಮೊದಲ ಹೇಳಬಾರದೇನು? ಇದು ನಮ್ಮ ಅಪ್ರೆಂಟಿಸ್ ಪದ್ಧತಿನ ಆತಲ್ಲ. ಲೇಥಿನ ಮುಂದ ನಿಂತ ಲೇಥ್ ಕಲಿಬೇಕು. ಇನ್ನೊಂದು ಹೇಳ್ತೀನಿ. ನಮ್ಮ ಶಾಪ್‌ನಾಗ ಯಾರೂ ಬರೇ ಕೈಲೆ ಡ್ರಿಲ್ ಹೊಡೀತಿದ್ದಿಲ್ಲ. ಜಿಗ್ ಕೊಡ್ತಿದ್ವಿ. ತೂತು ಎಲ್ಲೆ ಬೀಳಬೇಕೊ ಅಲ್ಲೇ ಬೀಳೂ ಹಂಗ. ಪಾರ್ಟ್ ತಿರುವಿ ಇಟ್ರ ಕೂಡೂದ ಇಲ್ಲ. ಶಿಗೆಯೊ ಶಿಂಗೊ ಅನ್ನೂ ಜಪಾನಿನಾಂವ 1960ರ ಸುಮಾರಿಗೆ ಇದಕ್ಕೊಂದು ಶಾಸ್ತ್ರಾನ ಮಾಡಿದ, ಪೋಕಾ ಯೋಕೆ ಅಂತ. ಇವತ್ತು ಪಿಂಪ್ರಿ-ಚಾಕಣದಾಗ ಅದಿಲ್ಲದ ಕಾರ್ಖಾನೆ ಇಲ್ಲ. ಅಂದ್ರ ಕಣ್ಣು ಕಾಲು ನೆಟ್ಟಗ ಇದ್ದ ಕೆಲಸಗಾರ ತಪ್ಪಬಾರದು ಅಂತ ಕಂಪನಿ ಲಕ್ಷಗಟ್ಟಲೆ ಖರ್ಚು ಮಾಡ್ತದ. ಈ ಹುಡುಗಗ ಐದೈದು ಬೋಲ್ಟ್ ಎಣಿಸಿ ಪೊಟ್ಟಣ ಕಟ್ಟಬೇಕಂದ್ರ ಐದು ಗುಣಿ ಇರೂ ಒಂದು ಹಲಿಗಿ ಸಾಕು. ಗುಣಿ ತುಂಬಿದ್ರ ಐದು ಆದ್ವು. ಎಣಿಕಿ ಬೇಕಾಗೂದ ಇಲ್ಲ.

ತರುಣಿ: ಕಾನೂನಲ್ಲಿ ಇದನ್ನ ನ್ಯಾಯಯುತ ಹೊಂದಾಣಿಕೆ ಅಂತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಮು ಸರ್ಕಾರಿ ಸಂಸ್ಥೆಗಳಿಗೆ ಇದನ್ನ ಕಡ್ಡಾಯ ಮಾಡಿದೆ. 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬಿಡಿಸಿ ಹೇಳ್ತು. ಕಂಪನಿಯವರ ಮುಂದೆ ಈ ಮಾತು ಎತ್ತಿದ್ರೆ ಎಷ್ಟು ಖರ್ಚು ಅಂತ ಮುಖ ನೋಡ್ತಾರೆ. ನೀವು ಹೇಳಿದ ಹಾಗೆ ಜಿಗ್ ಅಂದಿದ್ರೆ ಒಪ್ಪಿರೋರು.

ಇಲ್ಲಿಗೆ ಇಬ್ಬರೂ ಒಂದಾದರೆಂದು ಓದುಗರು ಅಂದುಕೊಳ್ಳುವುದು ಬೇಡ. ಹಿರಿಯರ ಜೋಳಿಗೆಯಲ್ಲಿ ಇನ್ನೂ ಒಂದು ಕಲ್ಲಿತ್ತು.

ಹಿರಿಯರು: ಆದ್ರ ಈ ಕಾರ್ಯಶಾಲಾ ಎಲ್ಲಾ ಮುಚ್ಚಿ ಎಲ್ಲಾರನೂ ಕಂಪನಿಗೆ ಕಳಸೂಣು ಅಂದ್ರ ನಾ ಒಪ್ಪೂದಿಲ್ಲ. ಇಂಗ್ಲಂಡಿನಾಗ ರೆಂಪ್ಲಾಯ್ ಅಂತ ಸರ್ಕಾರದ ಕಾರ್ಖಾನಿ ಇದ್ವು. ಯುದ್ಧ ಮುಗದ ಮ್ಯಾಲ, 1946ರಿಂದ, ಅಂಗವಿಕಲರಿಗಂತನ ನಡಿಸಿದ್ರು. ಮುಖ್ಯವಾಹಿನಿ ಅಂತ ನೀ ಅಂತಿಯಲ್ಲ, ಅದ ಮಾತು ಹೇಳಿ 2012-13ರಾಗ ಬಾಗಲಾ ಹಾಕಿದ್ರು. ಕೆಲಸ ಹೋದವರೊಳಗ ಭಾಳ ಮಂದಿಗೆ ಮತ್ತೊಂದು ಕೆಲಸ ಸಿಗಲೇ ಇಲ್ಲ.

ತರುಣಿ: ಮುಚ್ಚಿದ ರೀತಿ ತಪ್ಪು ಇರಬಹುದು. ಆದ್ರೆ ಬೇರೆಯಾಗಿ ಕೂರಿಸೋದಕ್ಕೆ ಕೊನೆ ಹಾಕಿ ಅಂತ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಸಮಿತಿ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ಬೇರೆಯಾಗಿ ಕೂರಿಸಿದಲ್ಲಿ ಕೂಲಿನೂ ಬೇರೆ ಆಗುತ್ತೆ. ನಮ್ಮ 1948ರ ಕನಿಷ್ಠ ವೇತನ ಕಾಯ್ದೆ ತೆಗೆದು ನೋಡಿ. 26ನೇ ಕಲಮಲ್ಲಿ, ಅಂಗವಿಕಲ ಕೆಲಸಗಾರರಿಗೆ ಈ ಕಾಯ್ದೆ ಹಚ್ಚದೆ ಇರೋ ಅಧಿಕಾರ ಸರ್ಕಾರಕ್ಕೆ ಕೊಟ್ಟಿದ್ರು. ಅಮೆರಿಕಾದ 1938ರ ಕಾನೂನಲ್ಲೂ ಅಂಥದ್ದೇ ಒಂದು ಕಿಂಡಿ. ಸ್ಟೈಪೆಂಡ್ ಅಂದ್ರೆ ಆ ಕಿಂಡೀಲಿ ಬಂದ ಬೆಳಕು, ಅಷ್ಟೇ.

ತಾಯಿ: ನನ್ನ ಮಗ ತಿಂಗಳಿಗೊಮ್ಮೆ ಆ ಸ್ಟೈಪೆಂಡ್ ತಂದು ದೇವರ ಮುಂದ ಇಡ್ತಾನ್ರಿ. ಎಷ್ಟು ಅಂತ ಅವಗ ಗೊತ್ತಾಗೂದಿಲ್ಲ. ಮುಂಜಾನೆ ಎಂಟಕ್ಕ ಡಬ್ಬಿ ತಗೊಂಡು ಹೋಗ್ತಾನ, ಗೆಳ್ಯಾರು ಅದಾರ. ಮಾಲ್‌ನಾಗ ಯಾರೂ ಅವನ ಜೋಡಿ ಊಟಕ್ಕ ಕೂಡತಿದ್ದಿಲ್ಲ. ಅದೊಂದು ನನಗ ಆಮ್ಯಾಲ ಗೊತ್ತಾತು.

ತರುಣಿ: ಹುಬ್ಬಳ್ಳಿಯ ಬಿವಿಬಿ ಕಾಲೇಜಲ್ಲಿ 2017ರಲ್ಲಿ ಮಿಟ್ಟಿ ಕೆಫೆ ಶುರುವಾಯ್ತು. ಒಂದು ಸಣ್ಣ ಶೆಡ್ಡು. ಚಹಾ ಮಾಡೋರು, ಕೊಡೋರು ಎಲ್ಲಾ ಅಂಗವಿಕಲರು. ಈಗ ಸುಪ್ರೀಂ ಕೋರ್ಟ್ ಆವರಣದಲ್ಲೂ ಇದೆ. ಗೆಳೆಯರೂ ಇರ್ತಾರೆ, ಗಿರಾಕಿನೂ ಬರ್ತಾನೆ. ಅದು ಕಾರ್ಯಶಾಲೆನೂ ಅಲ್ಲ, ಕಂಪನಿನೂ ಅಲ್ಲ.

ಹಿರಿಯರು: ಹುಬ್ಬಳ್ಳಿ ಅಂತ ನನ್ನ ಸಮಾಧಾನ ಮಾಡಲಿಕ್ಕೆ ಹತ್ತಿದಿ. ಆದ್ರ ಅಲ್ಲೆ ಚಹಾ ಕುಡಿಯಾಂವನೂ ಪಾಪ ಅಂತ ಬರ್ತಾನೊ, ಚಹಾ ಚಲೊ ಅದ ಅಂತ ಬರ್ತಾನೊ?

ತನ್ನದೇ ಪ್ರಶ್ನೆ ತಿರುಗಿ ಬಂದದ್ದಕ್ಕೆ ತರುಣಿ ನಕ್ಕಳು. ಮೊದಲ ಸಲ ಅದಕ್ಕೇ ಬರಬಹುದು, ಎರಡನೇ ಸಲ ಚಹಾಕ್ಕೆ ಬರಬೇಕು ಎಂದಳು. ಕಿವಿ ಕೇಳದವರು ಬಡಿಸುವ ಹೋಟೆಲುಗಳು ಪುಣೆ, ಮುಂಬಯಿಗಳಲ್ಲಿ ಉಳಿದದ್ದೂ ಹಾಗೆಯೇ: ಮೆನುವಿನಲ್ಲಿ ಪ್ರತಿ ತಿಂಡಿಗೊಂದು ಸನ್ನೆಯ ಚಿತ್ರ, ಗಿರಾಕಿ ಅದನ್ನು ಮಾಡಿ ತೋರಿಸಬೇಕು. ಕಲಿಯುವ ಸರದಿ ಗಿರಾಕಿಯದು.

ಇಬ್ಬರೂ ಮುಟ್ಟದ ಸಂಗತಿಯನ್ನು ಎತ್ತಿದವಳು ತಾಯಿ. ಕೆಲಸ ಚಾಕಣದಲ್ಲಿ ಸಿಗುತ್ತದೆ, ಹಿಂಜವಡಿಯಲ್ಲಿ ಸಿಗುತ್ತದೆ, ಮನೆ ಇಲ್ಲಿದೆ. ವನಾಜ್ ಕಡೆಯ ಮೆಟ್ರೋ 2022ರಲ್ಲಿ ಬಂತು. ಅದರಲ್ಲಿ ಲಿಫ್ಟ್ ಇದೆ, ನೆಲದಲ್ಲಿ ಉಬ್ಬುಪಟ್ಟಿ ಇದೆ, ಅವನು ಒಬ್ಬನೇ ಹತ್ತಿ ಇಳಿಯಲು ಕಲಿತಿದ್ದಾನೆ. ಚಾಕಣಕ್ಕೆ ಮೆಟ್ರೋ ಇಲ್ಲ. ಎರಡು ಬಸ್ಸು ಬದಲಿಸಬೇಕು, ಬಸ್ಸು ಅದೇ ಸ್ಟಾಪಿನಲ್ಲಿ ನಿಲ್ಲುತ್ತದೆಂಬ ಭರವಸೆಯಿಲ್ಲ. ಪ್ರಯಾಣವೂ ಒಂದು ಕೌಶಲವೆಂದು ಯಾವ ಕೋರ್ಸಿನ ಪುಸ್ತಕದಲ್ಲಿದೆ ಎಂದು ಅವಳು ಕೇಳಿದಳು. ತನ್ನ ಕಾಲದ ನಂತರ ಅವನು ಎಲ್ಲಿರುತ್ತಾನೆ ಎಂಬುದಂತೂ ಕೌಶಲದ ಪ್ರಶ್ನೆಯೇ ಅಲ್ಲ. ಮುಳಶಿ ತಾಲೂಕಿನ ಸಾಧನಾ ವಿಲೇಜ್‌ನಂಥ ಕಡೆ ವಯಸ್ಕರು ಮನೆಮಂದಿಯಂತೆ ಇದ್ದು ಹೊಲ, ಅಡಿಗೆ, ಕೈಕೆಲಸ ನಡೆಸುತ್ತಾರೆ. ಅವಳು ಹೋಗಿ ನೋಡಿ ಬಂದಿದ್ದಾಳೆ. ಅಂಥ ಜಾಗಗಳು ಬೆರಳೆಣಿಕೆ.

ತರುಣಿ: ಅಮ್ಮಾ, ಭೋಸರಿಯಲ್ಲಿ ಒಂದು ಸಣ್ಣ ಯೂನಿಟ್ ಇದೆ. ಪ್ಯಾಕಿಂಗ್ ಕೆಲಸ. ಕನಿಷ್ಠ ವೇತನ, ಪಿಎಫ್, ಇಎಸ್‌ಐ ಎಲ್ಲಾ ಕೊಡ್ತಾರೆ. ನಾನೇ ಜತೆಗಿರ್ತೀನಿ.

ತಾಯಿ: ಎಷ್ಟು ದಿನಾ?

ತರುಣಿ: ಆರು ತಿಂಗಳಿಗೆ ನಮ್ಮ ಹತ್ರ ದುಡ್ಡಿದೆ.

ಹಿರಿಯರು: ಏಳನೇ ತಿಂಗಳಿಗೆ?

ತರುಣಿ: ಅಲ್ಲಿನ ಸೂಪರ್‌ವೈಸರ್ ಕಲಿತಿರಬೇಕು. ಜಪಾನಿನಲ್ಲಿ ಕಂಪನಿಗಳು ನೂರಕ್ಕೆ ಇಂತಿಷ್ಟು ಅಂತ ಅಂಗವಿಕಲರನ್ನ ತಗೊಳ್ಳಲೇಬೇಕು. ದೊಡ್ಡ ಕಂಪನಿಗಳು ತಗೊಳ್ಳದೆ ಇದ್ರೆ ತಲೆಗಿಷ್ಟು ಅಂತ ಕಟ್ಟಬೇಕು. ಆ ದುಡ್ಡಲ್ಲಿ, ತಗೊಂಡವರಿಗೆ ಸಹಾಯ ಮಾಡ್ತಾರೆ. ನಮ್ಮ ಕಾಯ್ದೆಯಲ್ಲಿ ಖಾಸಗಿಯವರು ನೂರಕ್ಕೆ ಐದು ತಗೊಂಡ್ರೆ ಪ್ರೋತ್ಸಾಹ ಕೊಡ್ತೀವಿ ಅಂತಿದೆ. ಪ್ರೋತ್ಸಾಹ ಅಷ್ಟೇ.

ಹಿರಿಯರು: ಐದು ಗುಣಿ ಹಲಿಗಿ ನಾ ಮಾಡಿ ಕೊಡ್ತೀನಿ. ಪ್ಯಾಕಿಂಗ್ ಟೇಬಲ್ ಅಳತಿ ಕಳಸು. ಆದ್ರ ಅಕ್ಕಾರ, ಇಲ್ಲಿ ಹೆಸರು ತಗಸಬ್ಯಾಡ್ರಿ. ಕಾರ್ಯಶಾಲಾದವರಿಗೆ ಹೇಳಿ ಜಾಗಾ ಇಟಗೋರಿ.

ತರುಣಿ: ಕಾಕಾ, ವಾಪಸ್ ಬರೋ ಬಾಗಿಲು ತೆರೆದಿಟ್ರೆ ಕಂಪನಿಯವರೂ ಸಡಿಲ ಬಿಡ್ತಾರೆ. ಸ್ವಲ್ಪ ಕಷ್ಟ ಆದ ಕೂಡಲೇ ಅಲ್ಲಿಗೇ ಕಳಿಸಿ ಅಂತಾರೆ. ನನಗೆ ಎಷ್ಟು ಸಲ ಆಗಿದೆ.

ಹಿರಿಯರು: ಬಾಗಲಾ ಹಾಕಿ ಕಳಸಿದ್ರ ಈ ಅಕ್ಕಾರು ಕಳಸೂದ ಇಲ್ಲ.

ತಾಯಿ ಇಬ್ಬರ ಮುಖವನ್ನೂ ನೋಡಿ, ಪಿಎಫ್ ಕಟ್ಟಿದರೆ ಸಂಬಳದ ದಾಖಲೆ ಹುಟ್ಟುತ್ತದಲ್ಲ, ಆಗ ಸಂಜಯ್ ಗಾಂಧಿ ನಿರಾಧಾರ ಯೋಜನೆಯ ಮಾಸಾಶನ ನಿಲ್ಲುತ್ತದೆಯೇ ಎಂದು ಕೇಳಿದಳು. ಆ ಯೋಜನೆಗೆ ಆದಾಯದ ಮಿತಿ ಇದೆ ಎಂದು ತರುಣಿ ಹೇಳಿದಳು. ಕೆಲಸ ಬಿಟ್ಟುಹೋದರೆ ಮತ್ತೆ ಅರ್ಜಿ ಹಾಕಿ, ತಹಸೀಲ್ದಾರ್ ಕಚೇರಿಯ ಸುತ್ತ ಮೊದಲಿನಿಂದ ತಿರುಗಬೇಕು ಎಂಬುದನ್ನೂ ಮುಚ್ಚಿಡಲಿಲ್ಲ. ಹಿರಿಯರು ಚೀಟಿಯೊಂದನ್ನು ತೆಗೆದು ಯೂನಿಟ್ಟಿನ ವಿಳಾಸ, ಶಿಫ್ಟಿನ ವೇಳೆ, ಟೇಬಲ್ಲಿನ ಎತ್ತರ ಕೇಳಿ ಬರೆದುಕೊಂಡರು. ತಾಯಿ ಶಿಫ್ಟಿನ ವೇಳೆಯನ್ನು ಇನ್ನೊಮ್ಮೆ ಕೇಳಿದಳು: ಏಳಕ್ಕೆ ಶುರುವಾದರೆ ಅವನು ಐದಕ್ಕೆ ಏಳಬೇಕು, ಆ ಹೊತ್ತಿಗೆ ಮೊದಲ ಮೆಟ್ರೋ ಇರುವುದಿಲ್ಲ. ಒಂಬತ್ತರ ಶಿಫ್ಟು ಸಿಗುವುದೇ ಎಂದು ತರುಣಿ ಅಲ್ಲೇ ನಿಂತು ಫೋನು ಹಚ್ಚಿದಳು.